ದಿನಾ ಬ್ರಷ್ ಹಿಡೀತೀನಲ್ಲ, ತೊಳೆಯೋಕೆ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಆಪ್ತಸಮಾಲೋಚನೆಗೆಂದು ನನ್ನ ಬಳಿ ಬಂದವರು, ಐವತ್ತರ ಆಸುಪಾಸಿನ ಮಹಿಳೆ. ಮೊದಲ ಭೇಟಿಯುದ್ದಕ್ಕೂ ಉಗುರಿನ ಸಂದಿಯಲ್ಲಿ ಒಣಗಿದ್ದ ನೀಲಿ ಬಣ್ಣವನ್ನು ಇನ್ನೊಂದು ಉಗುರಿನಿಂದ ಕೆರೆಯುತ್ತಲೇ ಇದ್ದರು.

"ನಿದ್ದೆ ಬರ್ತಿಲ್ಲ ಮೇಡಂ. ಜನಕ್ಕೆ ನೆಮ್ಮದಿ ಸಿಗಲಿ ಅಂತ ಮಾಡಿದ ಜಾಗ. ಈಗ ಆ ಬಾಗಿಲು ಕಂಡರೇ ಎದೆ ಡವಡವ ಅನ್ನುತ್ತೆ."

ಬೆಳಗ್ಗೆ ಧ್ಯಾನ, ಅದು ಮುಗಿದ ಮೇಲೆ ಅರ್ಧ ಗಂಟೆ ಚಿತ್ರ ಬಿಡಿಸುವುದು ಅವರ ಹಳೆಯ ರೂಢಿ. ಪತಿ ತೀರಿಕೊಂಡಾಗ ಅವರ ಕೈಹಿಡಿದದ್ದು ಅದೇ. ನಾಲ್ಕು ಜನಕ್ಕೂ ಹಂಚೋಣವೆಂದು ಮನೆಯ ಹಿಂದಿನ ಕೋಣೆ ತೆರೆದರು: ಬಂದವರು ಸ್ವಲ್ಪ ಹೊತ್ತು ಸುಮ್ಮನೆ ಕೂರುವುದು, ಆಮೇಲೆ ಬಣ್ಣ. ಎರಡು ವರ್ಷದಲ್ಲಿ ಅದು ವಾರಕ್ಕೆ ಆರು ದಿನ, ಮಕ್ಕಳ ಬ್ಯಾಚು, ಪ್ರದರ್ಶನ, ವಾಟ್ಸಾಪ್ ಗುಂಪು ಅಂತ ಬೆಳೆದಿತ್ತು.

"ನೀವು ಕೊನೆಯ ಸಲ ಬ್ರಷ್ ಹಿಡಿದದ್ದು ಯಾವಾಗ?" ಎಂದು ಕೇಳಿದೆ.

"ದಿನಾ ಹಿಡೀತೀನಲ್ಲ, ತೊಳೆಯೋಕೆ." ನಕ್ಕರು. ನಗು ಮುಗಿಯುವ ಮೊದಲೇ ಕಣ್ಣು ತುಂಬಿತು.

ಖಿನ್ನತೆಯೇ ಎಂದು ಮೊದಲು ನೋಡಿದೆ, ಹಾಗೆನಿಸಲಿಲ್ಲ. ಥೈರಾಯ್ಡ್ ಪರೀಕ್ಷೆಗೆ ವೈದ್ಯರ ಬಳಿ ಕಳಿಸಿದೆ, ಅದೂ ಸರಿಯಿತ್ತು. ಬಸವಳಿಕೆ, ಕೆಲಸದ ಮೇಲೇ ಬೇಸರ, ಏನು ಮಾಡಿದರೂ ಸಾಲದೆನ್ನುವ ಭಾವನೆ: ರೋಗಗಳನ್ನೂ ಆರೋಗ್ಯದ ಇತರ ಸ್ಥಿತಿಗಳನ್ನೂ ವಿಂಗಡಿಸುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ಐಸಿಡಿ-11 'ಬರ್ನೌಟ್' ಎನ್ನುವುದಕ್ಕೆ ಈ ಮೂರೂ ಒಪ್ಪುತ್ತಿದ್ದವು. ಆದರೆ ಅದು ರೋಗವಲ್ಲ, ದುಡಿಮೆಗೆ ಸಂಬಂಧಿಸಿದ ಸ್ಥಿತಿ. ಹಾಗಂದಾಗ ಅವರಿಗೆ ಸಿಟ್ಟು ಬಂತು. "ಇದು ದುಡಿಮೆ ಅಲ್ಲ, ಸೇವೆ."

ಗಂಟು ಇದ್ದದ್ದು ಅಲ್ಲೇ. ದುಡಿಮೆಯಾಗಿದ್ದರೆ ಗಂಟೆ ಲೆಕ್ಕ ಹಾಕುತ್ತಿದ್ದರು, ರಜೆ ಕೇಳುತ್ತಿದ್ದರು. ಸೇವೆ ಎಂದ ಮೇಲೆ ಲೆಕ್ಕ ಹಾಕುವುದೇ ಪಾಪ ಅನ್ನಿಸಿತ್ತು.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಒಂದು ತಿಂಗಳು ಬಾಗಿಲು ಮುಚ್ಚಿಬಿಡಿ ಎಂದೆ. ಮುಂದಿನ ಭೇಟಿಗೆ ಅವರು ಬರಲೇ ಇಲ್ಲ. ಅವರ ಸಾಧನೆಯೇ ಆ ಕೋಣೆಯೊಳಗಿದೆ, ಅದನ್ನು ಕಿತ್ತುಕೊಂಡರೆ ವಿಶ್ರಾಂತಿ ಎಲ್ಲಿಂದ ಬರಬೇಕು?

ಮರಳಿ ಬಂದಾಗ ಇನ್ನೊಂದು ವಿಷಯ ಹೊರಬಿತ್ತು. ಯಾರಾದರೂ ಹಾಳೆ ತುಂಬ ಕಪ್ಪು ಬಳಿದರೆ ಇವರು ಪಕ್ಕದಲ್ಲೇ ಹೋಗಿ ಕೂರುತ್ತಿದ್ದರು: "ಏನಮ್ಮಾ, ಏನಾಯ್ತು?" ರಾತ್ರಿ ಆ ಕತೆಗಳೆಲ್ಲ ಇವರ ಹಾಸಿಗೆಗೆ ಬರುತ್ತಿದ್ದವು. ಎಡ್ವರ್ಡ್ ಆಡಮ್ಸನ್ ವಿಷಯ ಹೇಳಿದೆ. 1946ರಿಂದ ಇಂಗ್ಲೆಂಡಿನ ನೆದರ್ನ್ ಮನೋರೋಗ ಆಸ್ಪತ್ರೆಯಲ್ಲಿ ಚಿತ್ರದ ಸ್ಟುಡಿಯೋ ನಡೆಸಿದವರು ಅವರು. ರೋಗಿಗಳಿಗೆ ಬಣ್ಣ, ಜಾಗ ಒದಗಿಸಿ ಜೊತೆಗಿರುತ್ತಿದ್ದರು; ಚಿತ್ರಗಳಿಗೆ ಅರ್ಥ ಹೇಳಲು ಹೋಗುತ್ತಿರಲಿಲ್ಲ. "ಬರೀ ಜೊತೆಗಿದ್ದರೆ ಸಾಕಾ?" ಎಂದು ಎರಡು ಸಲ ಕೇಳಿದರು.

ಕೊನೆಗೆ ನಾನು ಕೊಟ್ಟ ಸಲಹೆ ಹೀಗಿತ್ತು. ವಾರಕ್ಕೆ ಮೂರೇ ದಿನ. ಕೀಲಿಕೈ ಇನ್ನಿಬ್ಬರ ಬಳಿಯೂ ಇರಲಿ. ಮೊದಲ ಇಪ್ಪತ್ತು ನಿಮಿಷದ ಮೌನದಲ್ಲಿ ನೀವು ಬಾಗಿಲಿಗೆ ಬೆನ್ನು ಹಾಕಿ ಕೂರಿ, ತಡವಾಗಿ ಬಂದವರನ್ನು ನೋಡುವ ಕೆಲಸ ನಿಮ್ಮದಲ್ಲ. ಯಾರ ಶ್ರದ್ಧೆ ಏನೇ ಇರಲಿ, ಮೌನ ಎಲ್ಲರಿಗೂ ಸಲ್ಲುತ್ತದೆ. ಅದರ ಮೇಲೆ ಪ್ರವಚನ ಬೇಡ. ಕೇಳದೆ ಯಾರ ಚಿತ್ರದ ಬಗ್ಗೆಯೂ ಮಾತಾಡಬಾರದು, "ಚೆನ್ನಾಗಿದೆ" ಕೂಡ ಬೇಡ, ಯಾಕೆಂದರೆ ನಾಳೆ ಅವರು ಆ ಮಾತಿಗಾಗಿಯೇ ಬಿಡಿಸುತ್ತಾರೆ. ಪ್ರದರ್ಶನ ಸದ್ಯಕ್ಕೆ ನಿಲ್ಲಲಿ. ಬ್ರಷ್ಷನ್ನು ಅವರವರೇ ತೊಳೆಯಲಿ, ಅದೂ ಮಾತಿಲ್ಲದೆ. ನೀರಿನಲ್ಲಿ ಬಣ್ಣ ಬಿಡುವುದನ್ನು ನೋಡುವುದೂ ಒಂದು ಧ್ಯಾನವೇ. ಒಂದು ಸಂದರ್ಭದಲ್ಲಿ ಮಾತ್ರ ಮೌನ ಮುರಿಯಲೇಬೇಕು: ಯಾರಾದರೂ ಸಾಯುವ ಮಾತಾಡಿದರೆ. ಆಗ ಅವರನ್ನು ಒಂಟಿಯಾಗಿ ಬಿಡದೆ ಚಿಕಿತ್ಸೆ ಕೊಡುವವರ ಬಳಿ ಕರೆದೊಯ್ಯಬೇಕು. ಆ ಭಾರ ಕೋಣೆಯದ್ದಲ್ಲ, ನಿಮ್ಮದೂ ಅಲ್ಲ.

ಐದನೇ ಭೇಟಿಗೆ ಮಡಚಿದ ಹಾಳೆಯೊಂದನ್ನು ತಂದಿದ್ದರು. ಅರ್ಧ ನೀಲಿ, ಉಳಿದದ್ದು ಖಾಲಿ. ನಾನೇನೂ ಕೇಳಲಿಲ್ಲ. ನಿದ್ದೆ ಇನ್ನೂ ಪೂರ್ತಿ ಹದಕ್ಕೆ ಬಂದಿಲ್ಲ. ಮಕ್ಕಳ ಬ್ಯಾಚು ನಿಲ್ಲಿಸಿದ್ದಕ್ಕೆ ಇಬ್ಬರು ಪೋಷಕರು ಮುನಿಸಿಕೊಂಡಿದ್ದಾರಂತೆ, ಅದು ಇವರನ್ನು ಚುಚ್ಚುತ್ತಿದೆ. ಮುಂದಿನ ವಾರ ಅದನ್ನೇ ಮಾತಾಡುವುದಿದೆ.