‘ರೇಜ್’ ಅಂದ್ರೆ ಕೆಡವೋದಾ, ಎಬ್ಬಿಸೋದಾ?

ಇಂಗ್ಲಿಷ್ ಪೇಪರಿನಲ್ಲಿ ಮನೆಗಳನ್ನು ‘ರೇಜ್’ (raze) ಮಾಡಿದರು ಅಂತ ಬರುತ್ತಲ್ಲ, ಅದರ ಅರ್ಥ ಏನು, ಮೂಲ ಯಾವುದು, ವಿರುದ್ಧ ಪದ ಯಾವುದು ಅಂತ ಕೇಳಿದ್ದೀರಿ. ಅರ್ಥ ಸುಲಭ. ನಮ್ಮ ‘ನೆಲಸಮ ಮಾಡು’ ಇದೆಯಲ್ಲ, ಅದೇ.

ಸುಮ್ನೆ ಕೆಡವೋದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಸಿರುಗುಪ್ಪದ ಹತ್ತಿರ ನಮ್ಮಜ್ಜನ ಮಣ್ಣಿನ ಮಾಳಿಗೆ ಮನೆ ಇತ್ತು. ಮೊದಲ ದಿನ ಆಳುಗಳು ಬಂದು ತೊಲೆ, ಬಾಗಿಲು ಎಲ್ಲ ಜೋಪಾನವಾಗಿ ಬಿಚ್ಚಿಟ್ಟರು. ಮರುದಿನ ಜೆಸಿಬಿ ಬಂತು ನೋಡಿ, ಗೋಡೆ ನೂಕಿ, ಮಣ್ಣನ್ನೆಲ್ಲ ಟ್ರ್ಯಾಕ್ಟರಿಗೆ ತುಂಬಿ, ಆಮೇಲೆ ಅದೇ ಬಕೆಟ್ಟಿನಿಂದ ನೆಲವನ್ನು ಕರ್ ಕರ್ ಅಂತ ಕೆರೆಯಿತು. ಅಡುಗೆಮನೆಯಲ್ಲಿ ಹೂತಿದ್ದ ಒರಳುಕಲ್ಲೂ ಎದ್ದು ಬಂತು. ಸಂಜೆಗೆ ಹೊಸ್ತಿಲು ಎಲ್ಲಿತ್ತು ಅಂತ ನನಗೇ ಗೊತ್ತಾಗಲಿಲ್ಲ. ಅದು ‘ರೇಜ್’.

ಆ ಕೆರೆತವೇ ಪದದ ಮೂಲ. ಲ್ಯಾಟಿನ್ನಿನಲ್ಲಿ ‘ರಾದೆರೆ’ ಅಂದರೆ ಕೆರೆ, ಹೆರೆ, ಬೋಳಿಸು. ಫ್ರೆಂಚ್ ದಾರಿ ಹಿಡಿದು ಇಂಗ್ಲಿಷಿಗೆ ಬಂತು. ಗಡ್ಡ ಹೆರೆಯುವ ರೇಜರ್, ಬರೆದದ್ದನ್ನು ಅಳಿಸುವ ಇರೇಸರ್ ಎರಡೂ ಇದೇ ಮನೆತನದವು. ‘ಡಿಸ್ಟ್ರಾಯ್’ ಬೇರೆ ಬೇರಿನದು, ಅಲ್ಲಿ ‘ಸ್ತ್ರುಎರೆ’ ಅಂದರೆ ಪೇರಿಸು, ಕಟ್ಟು. ಮುಂದೆ ‘ಡಿ’ ಸೇರಿ ಕಟ್ಟಿದ್ದನ್ನು ಕೆಡವು ಅಂತಾಯಿತು. ಕನ್‌ಸ್ಟ್ರಕ್ಟ್ ಅದರ ಅಣ್ಣನೋ ತಮ್ಮನೋ.

ಹಂಪಿಯನ್ನೇ ನೋಡಿ (2021ರವರೆಗೆ ಅದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು). 1565ರ ಯುದ್ಧದ ನಂತರ ಪಟ್ಟಣ ಹಾಳಾಯಿತು, ಡಿಸ್ಟ್ರಾಯ್ ಅನ್ನಬಹುದು. ಆದರೆ ವಿರೂಪಾಕ್ಷ ಗುಡಿಯಲ್ಲಿ ಇವತ್ತಿಗೂ ಪೂಜೆ ನಡೀತಿದೆ, ಅರಮನೆಗಳು ಹೋದರೂ ಅವುಗಳ ಕಲ್ಲಿನ ಜಗಲಿ ಉಳಿದಿದೆ. ಊರನ್ನೇ ‘ರೇಜ್’ ಮಾಡಿದರು ಅಂದರೆ ಜಾಸ್ತಿ ಆಯ್ತು ಅಂತ ನನ್ನ ಲೆಕ್ಕ.

ವಿರುದ್ಧ ಪದದಲ್ಲೇ ತಮಾಷೆ ಇರೋದು. ಎತ್ತು, ಎಬ್ಬಿಸು ಅನ್ನೋ ಇನ್ನೊಂದು ‘ರೇಜ್’ (raise) ಇದೆ, ಉಚ್ಚಾರ ಥೇಟ್ ಒಂದೇ, ಅರ್ಥ ಪೂರ್ತಿ ಉಲ್ಟಾ! ನಾವೂ ಗೋಡೆ ಎಬ್ಬಿಸಿದ ಅಂತೀವಲ್ವಾ, ಹಾಗೆ. ಅದು ನಾರ್ವೆ, ಡೆನ್ಮಾರ್ಕ್ ಕಡೆಯ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು, ಇದಕ್ಕೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಕನ್ನಡದಲ್ಲಿ ಬರೆದರಂತೂ ಎರಡೂ ಒಂದೇ. ಇಂಗ್ಲಿಷಿನಲ್ಲಿ ಕೆಡವೋದಕ್ಕೆ ‘ಜೆಡ್’, ಎಬ್ಬಿಸೋದಕ್ಕೆ ‘ಎಸ್’. ರೇಜರ್‌ನಲ್ಲೂ ‘ಜೆಡ್’ ಇದೆ, ಹಾಗೆ ನೆನಪಿಟ್ಟುಕೊಳ್ಳಿ. ಪರೀಕ್ಷೆಯಲ್ಲಿ ವಿರುದ್ಧ ಪದ ಕೇಳಿದರೆ ‘ಬಿಲ್ಡ್’ ಅಂತ ಬರೆದುಬಿಡಿ, ಸ್ಪೆಲ್ಲಿಂಗಿನ ತಂಟೆಯೇ ಇಲ್ಲ.