ದಸರಾ-ದೀಪಾವಳಿ ಸೇಲಲ್ಲಿ ಪರಿಸರಕ್ಕೆ ಹೆಚ್ಚು ಹಾನಿ ಆಗದ ಹಾಗೆ ಆನ್‌ಲೈನ್ ಶಾಪಿಂಗ್ ಮಾಡೋದು ಹೇಗೆ?

ಸೇಲ್ ಶುರುವಾದ ದಿನವೇ ಆರ್ಡರ್ ಹಾಕ್ಬೇಡಿ. ಬೇಕು ಅನ್ಸಿದ್ದನ್ನೆಲ್ಲ ಕಾರ್ಟಿಗೆ ಹಾಕಿ ಎರಡು ದಿನ ಬಿಟ್ಟು ನೋಡಿ, ಅರ್ಧದಷ್ಟು ಬೇಡವೇ ಬೇಡ ಅನ್ಸತ್ತೆ, ನಮ್ಮನೇಲಿ ಪ್ರತಿ ವರ್ಷ ಹೀಗೇ ಆಗೋದು. ಉಳಿದಿದ್ದನ್ನ ಒಟ್ಟಿಗೆ ತರಿಸಿ.

ನನ್ನ ಪ್ರಕಾರ ಜಾಸ್ತಿ ದಂಡ ಆಗೋದು ರಿಟರ್ನಲ್ಲಿ. ಎರಡು ಸೈಜ್ ಕುರ್ತಾ ತರಿಸಿ ಒಂದನ್ನ ವಾಪಸ್ ಕಳ್ಸೋದು ನಮಗೆ ಫ್ರೀ, ಆದ್ರೆ ಅದು ಮತ್ತೆ ಗಾಡಿ ಹತ್ತಿ ಗೋಡೌನಿಗೆ ಹೋಗಿ, ಚೆಕ್ ಆಗಿ, ಹೊಸದಾಗಿ ಪ್ಯಾಕ್ ಆಗ್ಬೇಕು, ಕೆಲವು ಸಲ ಮತ್ತೆ ಮಾರಾಟಕ್ಕೇ ಬರಲ್ಲ. ಅದಕ್ಕೆ ಮನೇಲಿ ಸರಿಯಾಗಿ ಕೂರೋ ಕುರ್ತಾನ ಟೇಪಲ್ಲಿ ಅಳೆದು ಸೈಜ್ ಚಾರ್ಟ್ ನೋಡಿ ಆಮೇಲೆ ಹಾಕಿ. ಕ್ಯಾಶ್ ಆನ್ ಡೆಲಿವರಿ ಹಾಕಿ ಬಾಗಿಲಲ್ಲಿ ಬೇಡ ಅನ್ನೋದೂ ಇದೇ ಲೆಕ್ಕ, ದಯವಿಟ್ಟು ಮಾಡ್ಬೇಡಿ.

ಫ್ರಿಡ್ಜ್, ಎಸಿ ತಗೊಳ್ಳೋದಾದ್ರೆ ಡಿಸ್ಕೌಂಟಿಗಿಂತ ಮೊದ್ಲು ಬಿಇಇ ಸ್ಟಾರ್ ಲೇಬಲ್ (ಕರೆಂಟ್ ಉಳಿತಾಯಕ್ಕೆ ಸರ್ಕಾರದ ಸಂಸ್ಥೆ ಕೊಡೋ ಸ್ಟಾರ್ ಚೀಟಿ) ನೋಡಿ, ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟ್ ಅಂತ ಅದ್ರಲ್ಲೇ ಇರತ್ತೆ.

ಗೊಂಬೆ ಕೂರ್ಸೋರು, ಮಕ್ಕಳಿಗೆ ಗಿಫ್ಟ್ ಕೊಡೋರು ಚನ್ನಪಟ್ಟಣದ ಗೊಂಬೆ ತರಿಸ್ಬಹುದು. ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚೋದು ಅಲ್ಲಿನ ಪದ್ಧತಿ, ಆ ಊರಿನದೇ ವಿಶೇಷ ಅಂತ ಗುರುತಿಸೋ ಜಿಐ ಟ್ಯಾಗ್ ಕೂಡ ಇದೆ, ಪ್ಲಾಸ್ಟಿಕ್ ಆಟಿಕೆ ಥರ ಹದಿನೈದು ದಿನಕ್ಕೆ ಮುರಿಯಲ್ಲ.

ಬಂದ ರಟ್ಟಿನ ಡಬ್ಬದ ಟೇಪು, ಅಡ್ರೆಸ್ ಚೀಟಿ ಕಿತ್ತು, ನೆನೆಯದ ಹಾಗೆ ಒಣಕಸಕ್ಕೆ ಹಾಕಿ, ಒದ್ದೆ ಆದ್ರೆ ಯಾರೂ ತಗೊಳ್ಳಲ್ಲ. ಬಬಲ್ ರ್‍ಯಾಪ್ ಮಾತ್ರ ಎತ್ತಿಡಿ, ಹಬ್ಬ ಮುಗಿದ ಮೇಲೆ ಗೊಂಬೆ ಸುತ್ತಿಡೋಕೆ ಬರತ್ತೆ.