ಮುರಿದದ್ದು ಕಲ್ಲೋ, ಕತ್ತೆಕಿರುಬದ ಹಲ್ಲೋ?

ಪ್ರಶ್ನೆ: ಉತ್ಖನನದಲ್ಲಿ ಸಿಕ್ಕ ಮೂಳೆಚೂರುಗಳನ್ನು ಮುರಿದದ್ದು ಆದಿಮಾನವರೋ ಮಾಂಸಾಹಾರಿ ಪ್ರಾಣಿಗಳೋ ಎಂಬುದನ್ನು ಕಂಪ್ಯೂಟರ್ ಶೇ. 77ರಷ್ಟು ಸರಿಯಾಗಿ ಹೇಳುತ್ತದೆ ಎಂದು ಓದಿದೆ. ನೂರಕ್ಕೆ ಇಪ್ಪತ್ತಮೂರು ಸಲ ತಪ್ಪುವ ವಿದ್ಯೆಯನ್ನು ನಂಬುವುದು ಹೇಗೆ? ಇದಕ್ಕಿಂತ ಹೆಚ್ಚಿನ ನಿಖರತೆ ಸಾಧಿಸಿದ್ದೇವೆ ಎಂದವರೂ ಇದ್ದಾರಂತಲ್ಲ?
– ನಿವೃತ್ತ ಗಣಿತ ಶಿಕ್ಷಕರು, ಹಾವೇರಿ

ಉತ್ತರ: ನೀವು ಓದಿದ ಸಂಖ್ಯೆ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ತಂಡವೊಂದು 2024ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಮಾನವಶಾಸ್ತ್ರಜ್ಞೆ ಕತ್ರೀನಾ ಯೆಜ್ಜಿ-ವುಡ್ಲಿ ಅವರ ಜತೆಗೆ ಪೀಟರ್ ಆಲ್ವರ್, ಜೆಫ್ ಕಾಲ್ಡರ್ ಮೊದಲಾದ ಗಣಿತಜ್ಞರು ಅದರಲ್ಲಿದ್ದಾರೆ. ಅದಕ್ಕಿಂತ ದೊಡ್ಡ ಸಂಖ್ಯೆಗಳನ್ನು ಹೇಳಿದ ಲೇಖನಗಳು ಹಿಂದೆ ಬಂದಿರುವುದು ನಿಜ. ಆದರೂ ಈ ಎಪ್ಪತ್ತೇಳೇ ನನಗೆ ಹೆಚ್ಚು ನಂಬಿಕೆಗೆ ಅರ್ಹವಾಗಿ ಕಾಣುತ್ತದೆ. ಏಕೆಂದು ಹೇಳುವ ಮೊದಲು ಅಳೆಯುವುದು ಏನನ್ನು ಎಂಬುದನ್ನು ನೋಡಬೇಕು.

ಮಟನ್ ಸಾರಿನ ನಲ್ಲಿ ಮೂಳೆಯನ್ನು ತಟ್ಟೆಗೆ ಕುಟ್ಟಿ ಒಳಗಿನ ಮಜ್ಜೆಯನ್ನು ಹೀರಿದವರಿಗೆ ಆದಿಮಾನವರ ಆಸೆಯನ್ನು ವಿವರಿಸಬೇಕಾಗಿಲ್ಲ. ಅವರು ಕಾಲುಮೂಳೆಯನ್ನು ಒಂದು ಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಹೊಡೆದು ಮಜ್ಜೆ ತೆಗೆಯುತ್ತಿದ್ದರು. ಕತ್ತೆಕಿರುಬ ಅದೇ ಮಜ್ಜೆಗಾಗಿ ಮೂಳೆಯನ್ನು ದವಡೆಯಲ್ಲಿ ಒತ್ತಿ ಸೀಳುತ್ತದೆ. ಒಣಗಿದ ಮೂಳೆ ಹೆಚ್ಚಾಗಿ ಅಡ್ಡಲಾಗಿ, ಒರಟಾಗಿ ಮುರಿಯುತ್ತದೆ; ಹಸಿ ಮೂಳೆಯಲ್ಲಿ ತೇವವೂ ಕೊಲಾಜನ್ ಎಂಬ ನಾರಿನಂಥ ಪ್ರೋಟೀನೂ ಇರುವುದರಿಂದ ಅದು ಸುರುಳಿಯಾಗಿ, ನಯವಾದ ಅಂಚು ಬಿಟ್ಟು ಸೀಳುತ್ತದೆ. ಆದ್ದರಿಂದ ಹಸಿಯಾಗಿದ್ದಾಗ ಮುರಿದದ್ದೇ ಎಂಬುದನ್ನು ಹೇಳುವುದು ಅಷ್ಟು ಕಷ್ಟವಲ್ಲ. ಹಸಿಯಾಗಿದ್ದಾಗ ಮುರಿದವರು ಯಾರು ಎಂಬುದೇ ಕಗ್ಗಂಟು.

ಇದಕ್ಕೆ ಸಂಶೋಧಕರು ಬಹುಕಾಲದಿಂದ ಬಳಸುತ್ತಿರುವ ಸುಳಿವು ಒಂದು ಕೋನ: ಮೂಳೆಯ ಹೊರಮೈಗೂ ಮುರಿದ ಮೈಗೂ ನಡುವಿನ ಕೋನ. ಕಲ್ಲಿನ ಏಟು ಫಕ್ಕನೆ ಬೀಳುವ ಬಲ, ದವಡೆಯದು ನಿಧಾನವಾಗಿ ಏರುವ ಬಲ. ಎರಡನೆಯದರಲ್ಲಿ ಕೋನ 90 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಮೊದಲನೆಯದರಲ್ಲಿ ಅದರಿಂದ ಹೆಚ್ಚು ದೂರ ಸರಿಯುತ್ತದೆ ಎಂಬುದು ವಾದ. ಅದನ್ನು ಅಳೆಯಲು ಫಿಸಿಯೋಥೆರಪಿಯವರು ಮೊಣಕಾಲು ಎಷ್ಟು ಮಡಚುತ್ತದೆ ಎಂದು ನೋಡಲು ಬಳಸುವಂಥ, ಎರಡು ತೋಳುಗಳ ಕೋನಮಾಪಕವನ್ನೇ ಬಳಸುತ್ತಿದ್ದರು. ತೊಡಕೆಂದರೆ ಹೆಬ್ಬೆರಳುದ್ದದ ಒಂದು ಚೂರಿನ ಅಂಚಿನಲ್ಲೂ ಕೋನ ಒಂದೇ ಆಗಿರುವುದಿಲ್ಲ. ತೋಳನ್ನು ಒಂದೆರಡು ಮಿಲಿಮೀಟರ್ ಆಚೆ ಸರಿಸಿದರೆ ಅಳತೆ ಬದಲಾಗುತ್ತದೆ, ಮತ್ತು ನೀವು ಎಲ್ಲಿಟ್ಟಿರಿ ಎಂಬುದು ನಿಮ್ಮ ಟಿಪ್ಪಣಿಯಲ್ಲಿ ಉಳಿಯುವುದಿಲ್ಲ.

ಮಿನೆಸೋಟ ತಂಡದ ನಿಜವಾದ ಕೊಡುಗೆ ಇರುವುದು ಇಲ್ಲಿ ಎಂಬುದು ನನ್ನ ಅಭಿಪ್ರಾಯ. ಅವರು ಹಲವು ಚೂರುಗಳನ್ನು ಒಟ್ಟಿಗೆ ಜೋಡಿಸಿಟ್ಟು ಸಿ.ಟಿ. ಸ್ಕ್ಯಾನ್ ಯಂತ್ರದೊಳಗೆ ಕಳಿಸಿ, ಬಂದ ಚಿತ್ರದಿಂದ ಒಂದೊಂದು ಚೂರನ್ನೂ ತಂತ್ರಾಂಶದಿಂದ ಬಿಡಿಸಿ, ಮೂರು ಆಯಾಮದ ಮಾದರಿ ಮಾಡಿಕೊಂಡರು. ಕಂಪ್ಯೂಟರಿನಲ್ಲಿ ಆ ಮಾದರಿಯ ಮೈ ಎಂದರೆ ಸಾವಿರಾರು ಪುಟ್ಟ ತ್ರಿಕೋನಗಳ ಬಲೆ. ಅಂಚಿನ ಮೇಲೆ ಒಂದು ಬಿಂದುವನ್ನು ಆರಿಸಿದರೆ ಅದರ ಸುತ್ತ ಗೊತ್ತಾದ ತ್ರಿಜ್ಯದೊಳಗಿನ ತ್ರಿಕೋನಗಳನ್ನು ತಂತ್ರಾಂಶ ತೆಗೆದುಕೊಳ್ಳುತ್ತದೆ. ಪ್ರತಿ ತ್ರಿಕೋನಕ್ಕೂ ಲಂಬವಾಗಿ ನಿಲ್ಲುವ ರೇಖೆಯ ದಿಕ್ಕನ್ನು ನೋಡಿ, ಅವನ್ನು ಎರಡು ಗುಂಪುಗಳಾಗಿ ಒಡೆಯುತ್ತದೆ. ಒಂದೊಂದು ಗುಂಪಿಗೂ ಹೊಂದುವ ಸಮತಲವನ್ನು ಹಾಕಿ ಆ ಎರಡು ಸಮತಲಗಳ ನಡುವಿನ ಕೋನವನ್ನು ಕೊಡುತ್ತದೆ. ಯಾವ ಬಿಂದು, ಎಷ್ಟು ತ್ರಿಜ್ಯ ಎಂಬ ದಾಖಲೆ ಉಳಿಯುವುದರಿಂದ ಇನ್ನೊಂದು ಊರಿನಲ್ಲಿ ಕುಳಿತವರೂ ಅದೇ ಕೋನವನ್ನು ಮರಳಿ ಅಳೆಯಬಹುದು. 2021ರಲ್ಲಿ ಈ ಉಪಕರಣವನ್ನು ವಿವರಿಸುವ ಲೇಖನ ಬಂದಾಗ ಅದರಲ್ಲಿ ಯಂತ್ರದ ಜಾಣತನದ ಮಾತಿಗಿಂತ ಈ ಮರಳಿ ಅಳೆಯುವ ಮಾತೇ ಮುಖ್ಯವಾಗಿತ್ತು.

ಇನ್ನು ಕಂಪ್ಯೂಟರಿಗೆ ಪಾಠ ಹೇಳಬೇಕಾದರೆ ಉತ್ತರ ಮೊದಲೇ ಗೊತ್ತಿರುವ ಚೂರುಗಳು ಬೇಕು. ಅದಕ್ಕಾಗಿ ಎಲ್ಕ್ ಎಂಬ ದೊಡ್ಡ ಜಿಂಕೆಯ ಕಾಲುಮೂಳೆಗಳಲ್ಲಿ ಕೆಲವನ್ನು ಕತ್ತೆಕಿರುಬಗಳಿಗೆ ತಿನ್ನಲು ಕೊಟ್ಟು, ಕೆಲವನ್ನು ಮನುಷ್ಯರೇ ಕಲ್ಲಿನಿಂದ ಒಡೆದು, ಚೂರುಗಳನ್ನು ಸಂಗ್ರಹಿಸಿದರು. ಅವುಗಳಲ್ಲಿ ಒಂದಷ್ಟನ್ನು ಕಲಿಕೆಗೆ, ಉಳಿದವನ್ನು ಪರೀಕ್ಷೆಗೆ ಇಡುವುದು ರೂಢಿ.

ಹಿಂದಿನ ದೊಡ್ಡ ಸಂಖ್ಯೆಗಳ ಗುಟ್ಟು ಈ ವಿಂಗಡಣೆಯಲ್ಲಿದೆ. ಮಾದರಿಗಳು ಕಡಿಮೆಯಿದ್ದಾಗ, ಇರುವ ಚೂರುಗಳ ಅಳತೆಗಳನ್ನೇ ಚೀಟಿ ಎತ್ತಿ ಮತ್ತೆ ಡಬ್ಬಿಗೆ ಹಾಕುವ ರೀತಿಯಲ್ಲಿ ಮತ್ತೆ ಮತ್ತೆ ಎತ್ತಿಕೊಂಡು ಸಂಖ್ಯೆಯನ್ನು ಹಿಗ್ಗಿಸುವ ವಿಧಾನವೊಂದಿದೆ. ಅದಕ್ಕೆ ಅದರದೇ ಸರಿಯಾದ ಉಪಯೋಗಗಳೂ ಇವೆ. ಆದರೆ ಹಿಗ್ಗಿಸಿದ ನಂತರ ಕಲಿಕೆ–ಪರೀಕ್ಷೆ ಎಂದು ಭಾಗ ಮಾಡಿದರೆ ಏನಾಗುತ್ತದೆ, ನೀವೇ ಲೆಕ್ಕ ಹಾಕಿ. 100 ಚೂರುಗಳಿಂದ 1,000 ಪ್ರತಿ ಮಾಡಿದಿರಿ ಎನ್ನಿ. ಸರಾಸರಿ ಪ್ರತಿ ಚೂರಿಗೆ 10 ನಕಲು. ಅವನ್ನು 70:30ರಂತೆ ಕಲಸಿ ಹಂಚಿದರೆ, ಪರೀಕ್ಷೆಯ ಭಾಗಕ್ಕೆ ಬಂದ ಒಂದು ನಕಲಿನ ಉಳಿದ ಒಂಬತ್ತೂ ಪರೀಕ್ಷೆಯ ಭಾಗಕ್ಕೇ ಬಂದಿರುವ ಸಂಭವ 0.3ರ ಒಂಬತ್ತನೆಯ ಘಾತ, ಎಂದರೆ ಲಕ್ಷಕ್ಕೆ ಸುಮಾರು ಎರಡು. ಹಾಗಾಗಿ ಪರೀಕ್ಷೆಯಲ್ಲಿ ಕೇಳಿದ ಹೆಚ್ಚುಕಡಿಮೆ ಎಲ್ಲ ಪ್ರಶ್ನೆಗಳನ್ನೂ ಯಂತ್ರ ಉತ್ತರ ಸಮೇತ ಮೊದಲೇ ನೋಡಿರುತ್ತದೆ. ನಮ್ಮಲ್ಲಿ ಇದಕ್ಕೆ ಪ್ರಶ್ನೆಪತ್ರಿಕೆ ಸೋರಿಕೆ ಎನ್ನುತ್ತಾರೆ, ಮರುಪರೀಕ್ಷೆ ಮಾಡಿಸುತ್ತಾರೆ. 2022ರಲ್ಲಿ ಈ ದೋಷವನ್ನು ಎತ್ತಿ ತೋರಿಸಿದ ಲೇಖನಗಳು ಬಂದವು. ಅವುಗಳಲ್ಲಿ ಒಂದು ಮೊಸಳೆಯ ಹಲ್ಲಿನ ಗುರುತನ್ನೂ ಕಲ್ಲಿನ ಅಲಗಿನ ಗೀರನ್ನೂ ಬೇರ್ಪಡಿಸಿದ್ದೇವೆ ಎಂಬ ಹಿಂದಿನ ಘೋಷಣೆಯನ್ನು ಪರಿಶೀಲಿಸಿತ್ತು. ಇದಕ್ಕಿಂತ ಸೂಕ್ಷ್ಮವಾದ ಸೋರಿಕೆಯೂ ಉಂಟು: ಒಂದೇ ಚೂರಿಗೆ ನಾಲ್ಕೈದು ಮುರಿದ ಅಂಚುಗಳಿರುತ್ತವೆ, ಅವುಗಳಲ್ಲಿ ಎರಡು ಕಲಿಕೆಗೆ, ಮೂರು ಪರೀಕ್ಷೆಗೆ ಹೋದರೆ ಆಗಲೂ ಯಂತ್ರ ಅರ್ಧ ಉತ್ತರವನ್ನು ಬಲ್ಲದು.

ಸೋರಿಕೆಯಿಲ್ಲದೆ ಬಂದ 77ರಿಂದ ಏನು ಪ್ರಯೋಜನ ಎಂಬುದು ನಿಮ್ಮ ಪ್ರಶ್ನೆಯ ಇನ್ನೊಂದು ಭಾಗ. ಒಂದು ಚೂರಿನ ಬಗ್ಗೆ ತೀರ್ಪು ಕೊಡಲು ಅದು ಸಾಲದು. ಆದರೆ ಜಾರ್ಜಿಯಾ ದೇಶದ ದ್ಮಾನಿಸಿಯಂಥ, ಸುಮಾರು 18 ಲಕ್ಷ ವರ್ಷ ಹಿಂದಿನ, ಮಾನವ ಪೂರ್ವಜರ ತಲೆಬುರುಡೆಗಳೂ ಮಾಂಸಾಹಾರಿ ಮೃಗಗಳ ಅವಶೇಷಗಳೂ ಒಟ್ಟಿಗೆ ಸಿಕ್ಕ ನೆಲೆಯಲ್ಲಿ ಕೇಳಬೇಕಾದದ್ದು ಇಡೀ ರಾಶಿಯಲ್ಲಿ ಯಾರ ಪಾಲು ಎಷ್ಟು ಎಂಬ ಪ್ರಶ್ನೆ. ಎರಡೂ ಕಡೆ ತಪ್ಪು ಶೇ. 23 ಎಂದೇ ಇಟ್ಟುಕೊಳ್ಳಿ. ಮನುಷ್ಯರು ಮುಟ್ಟಿಯೇ ಇಲ್ಲದ 1,000 ಚೂರುಗಳನ್ನು ಕೊಟ್ಟರೂ ಯಂತ್ರ 230ನ್ನು ಮನುಷ್ಯರ ಲೆಕ್ಕಕ್ಕೆ ಬರೆಯುತ್ತದೆ. ಇದು ಗೊತ್ತಿಲ್ಲದವರು ಅಲ್ಲಿ ಒಂದು ಸಂಸ್ಕೃತಿಯನ್ನೇ ಕಟ್ಟಿಬಿಡಬಹುದು. ಗೊತ್ತಿದ್ದವರು ಯಂತ್ರ ಕೊಟ್ಟ ಪಾಲಿನಿಂದ 0.23 ಕಳೆದು 0.54ರಿಂದ (0.77ರಲ್ಲಿ 0.23 ಕಳೆದರೆ ಉಳಿಯುವುದು) ಭಾಗಿಸುತ್ತಾರೆ, ಸಾವಿರದಲ್ಲಿ ಯಂತ್ರ 392 ಎಂದರೆ ನಿಜವಾದ ಅಂದಾಜು 300. ತಪ್ಪಿನ ಪ್ರಮಾಣ ಪ್ರಾಮಾಣಿಕವಾಗಿ ಗೊತ್ತಿದ್ದರೆ ಮಾತ್ರ ಈ ತಿದ್ದುಪಡಿ ಸಾಧ್ಯ. ಸೋರಿಕೆಯಿಂದ ಬಂದ ದೊಡ್ಡ ಸಂಖ್ಯೆಯನ್ನು ಇಲ್ಲಿ ಹಾಕಿದರೆ ಲೆಕ್ಕ ಮೂಲದಲ್ಲೇ ಕೆಡುತ್ತದೆ.

ಒಂದು ಮಿತಿಯನ್ನು ಮಾತ್ರ ಗಣಿತ ತಾನಾಗಿ ದಾಟಲಾರದು. ಎರಡೇ ಉತ್ತರ ಕಲಿತ ಯಂತ್ರ, ಗುಹೆಯ ಚಾವಣಿಯಿಂದ ಬಂಡೆ ಬಿದ್ದು ಮುರಿದ ಮೂಳೆಗೂ ಆ ಎರಡರಲ್ಲಿ ಒಂದನ್ನೇ ಹೇಳುತ್ತದೆ.

ಪ್ರಶ್ನೆ: ಅನುಭವಿಗಳ ಕಣ್ಣು ಸಾಲದೇ? ಇಷ್ಟು ಲೆಕ್ಕ ಏಕೆ ಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮಾನವ ಪೂರ್ವಜರ ಪಳೆಯುಳಿಕೆಗಳ ಹೆಸರಾಂತ ಸಂಶೋಧಕ ರೇಮಂಡ್ ಡಾರ್ಟ್ ಅವರ ಕಣ್ಣು ಸಾಮಾನ್ಯದ್ದಲ್ಲ. ಆದರೂ ದಕ್ಷಿಣ ಆಫ್ರಿಕದ ಮಕಪಾನ್ಸ್‌ಗಾಟ್ ಗುಹೆಯಲ್ಲಿ ಮುಂಗಾಲಿನ ತೋಳುಮೂಳೆಯ ಕೆಳತುದಿಗಳೇ ರಾಶಿಯಾಗಿ, ಮೇಲ್ತುದಿಗಳು ವಿರಳವಾಗಿ ಸಿಕ್ಕಿದ್ದನ್ನು ಕಂಡು, ಮಾನವ ಪೂರ್ವಜರು ಅವನ್ನು ಗದೆಗಳಂತೆ ಆರಿಸಿ ತಂದಿಟ್ಟಿದ್ದರು ಎಂದು ಅವರು ನಂಬಿದರು. ಬಾಬ್ ಬ್ರೇನ್ ಎಂಬ ಸಂಶೋಧಕರು 1960ರ ದಶಕದಲ್ಲಿ ನಮೀಬಿಯದ ಕುಯಿಸೆಬ್ ನದಿಯ ದಂಡೆಯ ಹಳ್ಳಿಗಳಿಗೆ ಹೋಗಿ, ಜನ ತಿಂದು ನಾಯಿಗಳು ಕಡಿದು ಬಿಟ್ಟ ಮೇಕೆಯ ಮೂಳೆಗಳನ್ನು ಆಯ್ದು ಎಣಿಸಿದರು. ಕನಿಷ್ಠ 64 ಮೇಕೆಗಳ ಗುರುತಿತ್ತು. ಎಂದರೆ 128 ತೋಳುಮೂಳೆಗಳಿರಬೇಕು. ಕೆಳತುದಿಗಳು 82 ಸಿಕ್ಕವು, ಮೇಲ್ತುದಿ ಒಂದೂ ಇರಲಿಲ್ಲ. ಕೆಳತುದಿ ಗಟ್ಟಿ, ಬೇಗ ಬಲಿಯುತ್ತದೆ; ಮೇಲ್ತುದಿ ಸ್ಪಂಜಿನಂತೆ, ತಡವಾಗಿ ಬಲಿಯುತ್ತದೆ, ನಾಯಿಯ ಹಲ್ಲಿಗೆ ಸುಲಭ. ಆರಿಸಿದವರು ಯಾರೂ ಇರಲಿಲ್ಲ, ಉಳಿದದ್ದು ಉಳಿದಿತ್ತು. ಇದಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ, ಕೂಡಿ ಕಳೆಯುವುದೇ ಸಾಕಾಯಿತು.

ಪ್ರಶ್ನೆ: ನಮ್ಮ ರಾಜ್ಯದಲ್ಲಿ ಇಂಥ ಮೂಳೆಗಳ ಅಧ್ಯಯನ ನಡೆದಿದೆಯೇ?
– ಇತಿಹಾಸ ಉಪನ್ಯಾಸಕಿ, ಯಾದಗಿರಿ

ಉತ್ತರ: ನಿಮ್ಮ ಜಿಲ್ಲೆಯಲ್ಲೇ ನಡೆದಿದೆ. ಬೂದಿಹಾಳದ ನವಶಿಲಾಯುಗದ ಬೂದಿದಿಬ್ಬದಲ್ಲಿ (ಸಗಣಿ ಸುಟ್ಟ ಬೂದಿ ಗುಡ್ಡೆಯಾದ ನೆಲೆ) ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು 1990ರ ದಶಕದಲ್ಲಿ ಉತ್ಖನನ ನಡೆಸಿದಾಗ, ದನಗಳನ್ನು ಕಡಿದು ಹಂಚಿದ ನೆಲಗಟ್ಟು ಮೂಳೆ, ಕಲ್ಲಿನ ಉಪಕರಣಗಳ ಸಮೇತ ದೊರೆಯಿತು. ಅದಕ್ಕೂ ಮೊದಲು ಹಾವೇರಿ ಜಿಲ್ಲೆಯ ಹಳ್ಳೂರಿನ ಮೂಳೆಗಳನ್ನು ಪರೀಕ್ಷಿಸಿದವರು ಪಶುವೈದ್ಯರಾಗಿದ್ದ ಕೆ. ಆರ್. ಆಲೂರರು, ಅವರು ಅಲ್ಲಿ ಕುದುರೆಯನ್ನು ಗುರುತಿಸಿದ್ದು ದೊಡ್ಡ ಚರ್ಚೆಗೇ ಕಾರಣವಾಯಿತು. ಹಳ್ಳೂರಿನದು ಯಾವ ಪ್ರಾಣಿ ಎಂಬ ಪ್ರಶ್ನೆ, ಮೇಲೆ ಚರ್ಚಿಸಿದ್ದು ಮುರಿದವರು ಯಾರು ಎಂಬ ಪ್ರಶ್ನೆ. ಬೂದಿಹಾಳದಲ್ಲಿ ಮನುಷ್ಯರ ಕೈವಾಡ ಮೊದಲೇ ಖಚಿತವಾಗಿರುವುದರಿಂದ, ಮುರಿದ ಅಂಚುಗಳ ವಿಧಾನಗಳನ್ನು ಪರೀಕ್ಷಿಸಿ ನೋಡಲು ಅಂಥ ನೆಲೆಗಳು ಒಳ್ಳೆಯ ಒರೆಗಲ್ಲಾಗಬಲ್ಲವು ಎಂದು ನನಗನ್ನಿಸುತ್ತದೆ.

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿದ್ಯಾರ್ಥಿನಿ. ಮನೆಯಲ್ಲೇ ಏನಾದರೂ ಮಾಡಿ ನೋಡಬಹುದೇ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಮಾಡಬಹುದು. ಮೆಷ್‌ಲ್ಯಾಬ್ ಎಂಬ ಉಚಿತ ತಂತ್ರಾಂಶದಲ್ಲಿ ಮೂರು ಆಯಾಮದ ಮಾದರಿಗಳನ್ನು ತೆರೆದು ನೋಡಬಹುದು. ಮೇಲೆ ಹೇಳಿದ ಕೋನಮಾಪಕವನ್ನು ಸಿದ್ಧಪಡಿಸಿದ್ದೂ ಅದರೊಳಗೆ ಸೇರಿಕೊಳ್ಳುವಂತೆಯೇ. ಅದಕ್ಕೂ ಮೊದಲು, ಒಡೆದ ಮಣ್ಣಿನ ಹಣತೆಯ ಒಂದು ಚೂರನ್ನು ತೆಗೆದುಕೊಂಡು, ಹೊರಮೈಗೂ ಒಡೆದ ಮೈಗೂ ನಡುವಿನ ಕೋನವನ್ನು ಅಂಚಿನ ಐದು ಕಡೆ ರಟ್ಟಿನ ಎರಡು ಪಟ್ಟಿಗಳಿಂದ ಅಳೆದು ಬರೆದಿಡಿ. ಮರುದಿನ ಹಳೆಯ ಹಾಳೆಯನ್ನು ನೋಡದೆ ಮತ್ತೆ ಅಳೆಯಿರಿ, ತಂಗಿಯಿಂದಲೂ ಅಳೆಸಿರಿ, ಮೂರು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿರಿ. ಮಟನ್ ಅಂಗಡಿಯ ಮೂಳೆ ಮಾತ್ರ ಬೇಡ. ಅದರ ಅಂಚು ಮಚ್ಚಿನ ಏಟಿಗೆ ಕಡಿದದ್ದು, ತಾನಾಗಿ ಸೀಳಿದ್ದಲ್ಲ.